ಎಡಗಡೆಯ ಪೆಡಲು

ಆ ಪೆಡಲು ಜಪ್ಪಯ್ಯ ಅಂದರೂ ಕದಲಲಿಲ್ಲ. ವಾರದಿಂದ ಅದರದು ಅದೇ ಹಟ. ಅಳಿಯ ಸ್ಪ್ಯಾನರ್ ಸಿಕ್ಕಿಸುವುದು, ಹಲ್ಲು ಕಚ್ಚಿ ಮುಖ ಕೆಂಪಗೆ ಮಾಡಿಕೊಂಡು ಎಳೆಯುವುದು, ಆಮೇಲೆ ಅಂಗಿಯ ತೋಳಿನಲ್ಲಿ ಹಣೆ ಒರೆಸಿಕೊಂಡು "ತುಕ್ಕು ಅತ್ತೆ, ಒಳಗೆಲ್ಲ ತುಕ್ಕು" ಎಂದು ನಿಟ್ಟುಸಿರು ಬಿಡುವುದು. ಸೈಕಲ್ಲು ಮುಂದಕ್ಕೆ ಉರುಳದಂತೆ ಬ್ರೇಕ್ ಅದುಮಿ ನಿಂತಿದ್ದ ಹೊಲಿಗೆಯಮ್ಮನಿಗೆ ಆ ನಿಟ್ಟುಸಿರು ಕೇಳಿದರೇ ಪಿತ್ತ ನೆತ್ತಿಗೇರುತ್ತಿತ್ತು.

"ತುಕ್ಕು ಅನ್ನೋದು ನನಗೂ ಕಾಣ್ತಿದೆ ಅಳಿಯಂದ್ರೇ. ಅದನ್ನ ಹೇಳೋಕೆ ಫಿಟ್ಟರೇ ಬೇಕಾ?"

ಅಳಿಯನನ್ನು ಅವಳು ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ. ಬಯ್ಯುವುದಿದ್ದರೂ ಮರ್ಯಾದೆ ಕೊಟ್ಟೇ ಬಯ್ಯುತ್ತಿದ್ದಳು. ಅಳಿಯನೂ ಅಷ್ಟೇ. ಅತ್ತೆ ಎಷ್ಟೇ ಅಂದರೂ ತಲೆ ತಗ್ಗಿಸಿ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ಮತ್ತೊಂದು ಸಲ ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ. ಮದುವೆಯಾದಂದಿನಿಂದ ಅವನು ಅವಳ ಮನೆಯಲ್ಲೇ ಇದ್ದಾನೆ. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಫಿಟ್ಟರ್. ಆಳೆತ್ತರದ ವಾಲ್ವುಗಳನ್ನು ಬಿಚ್ಚಿ ಕಟ್ಟುವ ಮನುಷ್ಯ, ಅಂಗೈಯಗಲದ ಒಂದು ಪೆಡಲಿನ ಮುಂದೆ ಮಂಡಿಯೂರಿ ಕೂತಿದ್ದ.

ಹೊಲಿಗೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಜಾಗಕ್ಕೆ ಅಂಟಿಕೊಂಡಂತೆ ಒಂದು ಕೋಣೆಯಿದೆ. ಹರಿದ ಬೆಡ್‌ಶೀಟು, ಗುಂಡಿ ಕಿತ್ತ ಡಾಕ್ಟರ ಕೋಟು, ಬಾಯಿ ಬಿಟ್ಟ ದಿಂಬಿನ ಚೀಲ ಎಲ್ಲವೂ ಅಲ್ಲಿಗೆ ಬಂದು ಬೀಳುತ್ತವೆ, ಅವಳ ಹೊಲಿಗೆ ಮಿಷನ್ನಿನಡಿ ಹಾದು ಮತ್ತೆ ವಾರ್ಡಿಗೆ ಹೋಗುತ್ತವೆ. ಮಗಳು ಕೂಸಾಗಿದ್ದಾಗಿನಿಂದ ಅದು ಅವಳದೇ ಕೋಣೆ. ಗಂಡ ತೀರಿಕೊಂಡ ಮೇಲೆ ಅವಳು ಅತ್ತದ್ದೂ ಅಲ್ಲೇ, ಬೆಡ್‌ಶೀಟಿನ ರಾಶಿಯ ಹಿಂದೆ. ಕಿಟಕಿ ಪಕ್ಕದ ಆ ಕುರ್ಚಿಯಲ್ಲಿ ಕೂತರೆ ಅವಳನ್ನು ಎಬ್ಬಿಸುವ ಧೈರ್ಯ ದೊಡ್ಡ ಡಾಕ್ಟರಿಗೂ ಇರಲಿಲ್ಲ.

ಹೋದ ತಿಂಗಳು, ಆಸ್ಪತ್ರೆಗೆ ಹೋಗುವ ದಾರಿಯ ಇಳಿಜಾರಿನಲ್ಲಿ ಅವಳು ಸೈಕಲ್ಲಿನಿಂದ ಬಿದ್ದಳು. ನಾಯಿ ಅಡ್ಡ ಬಂತಂತೆ. ಯಾವ ಬಣ್ಣದ ನಾಯಿ ಎಂದು ಮಗಳು ಕೇಳಿದಾಗ ಕಂದು ಅಂದಳು. ಎದುರುಮನೆಯ ಮೇಷ್ಟ್ರು ಕೇಳಿದಾಗ ಬಿಳಿ ಅಂದಳು. ಇರಲಿ, ನಾವೂ ಸದ್ಯಕ್ಕೆ ನಾಯಿ ಎಂದೇ ಇಟ್ಟುಕೊಳ್ಳೋಣ. ಮಣಿಕಟ್ಟು ಉಳುಕಿ ಊದಿಕೊಂಡಿತು, ಸೈಕಲ್ಲಿನ ಎಡಗಡೆಯ ಪೆಡಲು ನೆಲಕ್ಕೆ ಬಡಿದು ಸೊಟ್ಟಗಾಯಿತು. ಮಣಿಕಟ್ಟು ವಾಸಿಯಾಯಿತು, ಪೆಡಲು ಆಗಲಿಲ್ಲ.

ಇಷ್ಟರಲ್ಲಿ ಆಸ್ಪತ್ರೆಯ ದೊಡ್ಡ ನರ್ಸಮ್ಮ ಹೇಳಿಕಳಿಸಿದ್ದರು. ಬದಲಿಗೆ ಬಂದ ಹುಡುಗಿ ಚೆನ್ನಾಗಿ ಹೊಲಿಯುತ್ತಾಳೆ, ನೀವು ಸೋಮವಾರ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದರೆ ಸರಿ, ಇಲ್ಲದಿದ್ದರೆ ಅವಳನ್ನೇ ಖಾಯಂ ಮಾಡುತ್ತೇವೆ, ನೀವೂ ಇನ್ನು ವಿಶ್ರಾಂತಿ ತಗೊಳ್ಳಿ ಎಂದು. ಆ ವಿಶ್ರಾಂತಿ ಎಂಬ ಮಾತು ಹೊಲಿಗೆಯಮ್ಮನ ಎದೆಗೆ ಚುಚ್ಚಿತ್ತು. ಬಸ್ಸು ಊರೆಲ್ಲ ಸುತ್ತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತದೆ. ಅಳಿಯ ನಸುಕಿನಲ್ಲೇ ಪಂಪ್‌ಹೌಸಿಗೆ ಹೊರಡುತ್ತಾನೆ. ಹಾಗಾಗಿ ಇದ್ದದ್ದು ಸೈಕಲ್ಲೊಂದೇ, ಮತ್ತು ಆ ಸೈಕಲ್ಲಿಗೆ ಒಂದೇ ಪೆಡಲು. ಹೊಸ ಪೆಡಲು ತಂದು ಕಿಟಕಿಯ ಮೇಲಿಟ್ಟು ದಿನಗಳಾಗಿದ್ದವು. ಹಳೆಯದು ಬಿಟ್ಟುಕೊಟ್ಟರೆ ತಾನೆ ಹೊಸದು ಕೂರುವುದು.

"ಇವತ್ತಿಗೆ ಸಾಕು ಅತ್ತೆ. ಸೀಮೆಎಣ್ಣೆ ಬಿಟ್ಟಿದೀನಿ, ನೆನೀಲಿ" ಅಂದ ಅಳಿಯ.

"ಅದು ನೆಂದು ನೆಂದು ಈಗ ದೀಪದ ಹಾಗೆ ಉರಿಯೋದೊಂದು ಬಾಕಿ. ನಾಳಿದ್ದು ಸೋಮವಾರ, ನೆನಪಿದೆ ತಾನೆ?"

"ನೆನಪಿದೆ ಅತ್ತೆ."

"ನಿಮ್ಮ ಕೈಯಲ್ಲಿ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಿ. ಬೇರೆಯವರನ್ನ ಕೇಳ್ತೀನಿ."

ಎದುರುಮನೆಯ ಮಹಡಿಯಿಂದ ಮೇಷ್ಟ್ರು ಕೆಮ್ಮಿದರು. ನಿವೃತ್ತರಾದ ಮೇಲೆ ಅವರಿಗೆ ಈ ಬೀದಿಯೇ ತರಗತಿ. "ಊರಿಗೆಲ್ಲ ನೀರು ಬಿಡ್ತಾರೆ, ಮನೇಲಿ ಒಂದು ಪೆಡಲ್ ಬಿಡಿಸೋಕೆ ಆಗ್ತಿಲ್ಲ ನೋಡಿ" ಎಂದು ಯಾರಿಗೂ ಅಲ್ಲ ಎಂಬಂತೆ ಹೇಳಿದರು. ಬೀದಿಗೆಲ್ಲ ಕೇಳಿಸಿತು. ಅಳಿಯನ ಕಿವಿ ಕೆಂಪಾಯಿತು. ಆದರೂ ಬಾಯಿಗೆ ಬೀಗ ಹಾಕಿಕೊಂಡವನ ಹಾಗೆ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಅದರ ಜಾಗದಲ್ಲೇ ಇಟ್ಟು ಒಳಗೆ ಹೋದ. ಮೇಷ್ಟ್ರಿಗೆ ನಾಲ್ಕು ಮಾತು ಆಡುವ ಆಸೆ ಹೊಲಿಗೆಯಮ್ಮನಿಗೂ ಆಯಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಭಾನುವಾರ ಬೆಳಿಗ್ಗೆ ಅವಳ ತಾಳ್ಮೆ ಮುಗಿದೇಹೋಯಿತು. ಫಿಟ್ಟರ್ ಮನೆಯಲ್ಲಿರುವಾಗ ಸೈಕಲ್ಲನ್ನು ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋಗುವುದು ಅಳಿಯನ ಮಾನ ಬೀದಿಗೆ ಹಾಕಿದ ಹಾಗೆ ಎಂದು ಇಷ್ಟು ದಿನ ಸುಮ್ಮನಿದ್ದಳು. ಮಾನ ಹೋದರೆ ಹೋಗಲಿ, ಕೋಣೆ ಹೋದರೆ ಮತ್ತೆ ಬರುತ್ತದೆಯೇ? ಅಳಿಯ ಸ್ನಾನಕ್ಕೆ ಹೋಗಿದ್ದಾಗ ಹೊಸ ಪೆಡಲನ್ನು ಚೀಲಕ್ಕೆ ಹಾಕಿಕೊಂಡು, ಸೈಕಲ್ಲು ತಳ್ಳಿಕೊಂಡು ಹೊರಟಳು.

ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಕೈ ಒರೆಸಿಕೊಂಡು ಬಂದು ಪೆಡಲು ನೋಡಿದ. ಸ್ಪ್ಯಾನರ್ ಹಾಕಿದ. ಹೊಲಿಗೆಯಮ್ಮ ವಾರದ ಅಭ್ಯಾಸದಂತೆ ಹೋಗಿ ಬ್ರೇಕ್ ಅದುಮಿದಳು.

"ಬ್ರೇಕ್ ಯಾಕಮ್ಮ? ಆ ಕಡೆ ಪೆಡಲ್ ಹಿಡ್ಕೊಳ್ಳಿ, ಇಲ್ಲಾಂದ್ರೆ ಹಿಂದಕ್ಕೆ ತಿರುಗಿಬಿಡತ್ತೆ."

"ನಮ್ಮ ಮನೇಲಿ ಬ್ರೇಕೇ ಹಿಡಿಯೋದು."

"ಬ್ರೇಕ್ ಹಿಡಿಯೋದು ಬಿಗಿ ಮಾಡೋವಾಗ" ಎಂದು ಅವನು ನಕ್ಕು, ಸ್ಪ್ಯಾನರನ್ನು ಹಿಂದಿನ ಚಕ್ರದ ಕಡೆಗೆ ಎಳೆದ. ಎರಡು ಸಲ ಎಳೆದ. ಮೂರನೆಯ ಸಲಕ್ಕೆ ಅವನ ನಗು ನಿಂತಿತು. "ಯಾರಮ್ಮ ಇದನ್ನ ಇಷ್ಟು ಬಿಗಿ ಮಾಡಿದ್ದು? ಲಾರಿ ಚಕ್ರಾನೂ ಹೀಗೆ ಕೂರಿಸಲ್ಲ."

"ಬಿಗಿ ಮಾಡಿಲ್ಲಪ್ಪ, ಬಿಚ್ತಾ ಇದ್ರು. ವಾರದಿಂದ."

"ಯಾವ ಕಡೆಗೆ ಎಳೀತಿದ್ರು?"

ಅವಳು ಮುಂದಿನ ಚಕ್ರದ ಕಡೆಗೆ ಕೈ ತೋರಿಸಿದಳು. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ದಿನಾ ಅವಳ ಮೂಗಿನ ಕೆಳಗೇ ನಡೆದದ್ದು.

"ಆಯ್ತಲ್ಲ ಮತ್ತೆ. ಎಡಗಡೆ ಪೆಡಲ್‌ದು ತಿರುಪು ಉಲ್ಟಾ ಇರತ್ತೆ. ಬೇರೆಲ್ಲ ಬಿಚ್ಚೋ ಹಾಗೆ ಇದನ್ನ ಬಿಚ್ಚೋಕೆ ಹೋದ್ರೆ ಬಿಗಿ ಆಗ್ತಾ ಹೋಗತ್ತೆ. ತುಕ್ಕು ಸ್ವಲ್ಪ ಇದೆ, ಆದ್ರೆ ಇದು ತುಕ್ಕಿನ ಕೆಲಸ ಅಲ್ಲ. ಗೊತ್ತಿಲ್ದೋರು ಯಾರೋ ಕೈ ಹಾಕಿದಾರೆ" ಎಂದು ಅವನು ಸ್ಪ್ಯಾನರ್ ಕೆಳಗಿಟ್ಟ. "ಇದಕ್ಕೆ ಉದ್ದ ಪೈಪ್ ಬೇಕು, ನನ್ನ ಹತ್ರ ಇಲ್ಲ. ನಿಮ್ಮ ಅಳಿಯಂದ್ರು ಫಿಟ್ಟರ್ ಅಲ್ವಾ? ಅವರ ಹತ್ರ ಇರತ್ತೆ, ಅವರಿಗೇ ಹೇಳಿ."

ಹೊಲಿಗೆಯಮ್ಮ ಸೈಕಲ್ಲು ತಳ್ಳಿಕೊಂಡು ವಾಪಸು ಹೊರಟಳು. ಅರ್ಧ ದಾರಿಯವರೆಗೆ ಅವಳಿಗೆ ಅಳಿಯನ ಮೇಲೆ ಕನಿಕರವೇ ಆಯಿತು. ಪಾಪ, ವಾಲ್ವು ಬಿಚ್ಚುವವನಿಗೆ ಸೈಕಲ್ಲಿನ ಸಂಗತಿ ಹೇಗೆ ಗೊತ್ತಿರಬೇಕು. ಉಳಿದರ್ಧ ದಾರಿಯಲ್ಲಿ ಅವಳ ಕಾಲು ತಟ್ಟನೆ ನಿಂತವು. ಹಿಂದೊಮ್ಮೆ ಇದೇ ಎಡಗಡೆಯ ಪೆಡಲಿನ ರಬ್ಬರು ಸವೆದು ಹೋದಾಗ, ಹಳೆಯದನ್ನು ತೆಗೆದು ಇದನ್ನು ಹಾಕಿಕೊಟ್ಟವನು ಯಾರು? ಶಿಳ್ಳೆ ಹಾಕಿಕೊಂಡು, ಕಾಫಿ ಆರುವುದರೊಳಗೆ ಕೆಲಸ ಮುಗಿಸಿ, ಬಂದು ಆ ಕಾಫಿಯನ್ನು ಬಿಸಿಬಿಸಿಯಾಗಿಯೇ ಕುಡಿದವನು ಯಾರು?

ಇದೇ ಅಳಿಯ.

ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ವಾರವಿಡೀ, ಅವಳ ಕೈಯಲ್ಲೇ ಬ್ರೇಕ್ ಹಿಡಿಸಿಕೊಂಡು, ಅವಳ ಕಣ್ಣೆದುರಿಗೇ ಬಿಗಿ ಮಾಡುತ್ತಿದ್ದ. ಹೊಲಿಗೆಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ತನ್ನನ್ನು ಹೀಗೆ ಮಂಗ ಮಾಡಬಹುದೇ? ಕೋಪದ ಕೆಳಗೆ ಇನ್ನೊಂದು ಭಯವೂ ಇತ್ತು. ಇವರಿಗೆಲ್ಲ ತಾನು ಮೂಲೆಗೆ ಕೂರಿಸುವ ಮುದುಕಿಯಾಗಿಬಿಟ್ಟೆನೇ ಎಂದು.

ಅಳಿಯ ಅಂಗಳದಲ್ಲಿ ಪೇಪರ್ ಓದುತ್ತಾ ಕೂತಿದ್ದ. ಮಗಳು ಬಟ್ಟೆ ಹರವುತ್ತಿದ್ದಳು. ಹೊಲಿಗೆಯಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅದರ ಪಕ್ಕದಲ್ಲೇ ನಿಂತಳು.

"ಅಳಿಯಂದ್ರೇ, ಒಂದು ಅನುಮಾನ. ಪೆಡಲ್ ಬಿಚ್ಚೋವಾಗ ಬ್ರೇಕ್ ಹಿಡೀಬೇಕಾ, ಆ ಕಡೆ ಪೆಡಲ್ ಹಿಡೀಬೇಕಾ?"

ಪೇಪರು ನಿಧಾನವಾಗಿ ಕೆಳಗಿಳಿಯಿತು. ಅಳಿಯ ಒಮ್ಮೆ ಅತ್ತೆಯನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಮುಖ ಹುಳ್ಳಗಾಯಿತು.

"ಅವರನ್ನೇನು ಕೇಳ್ತೀಯ, ನಾನೇ ಹೇಳಿದ್ದು" ಅಂದಳು ಮಗಳು. ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹಿಂಡಿದ್ದನ್ನೇ ಹಿಂಡುತ್ತಿದ್ದಳು. "ಹೇಗಾದ್ರೂ ಮಾಡಿ ಅಮ್ಮನ ಸೈಕಲ್ ನಿಲ್ಲಿಸಿ ಅಂದೆ. ನೀನು ಬಿದ್ದಿದೀಯ ಅಂತ ಫೋನ್ ಬಂದಾಗ ನನ್ನ ಕೈಕಾಲು ತಣ್ಣಗಾಗಿತ್ತಮ್ಮ. ಬೇಡ ಅಂದ್ರೆ ನೀನು ಯಾರ ಮಾತು ಕೇಳೋಳು?"

"ನಾಯಿ ಅಡ್ಡ ಬಂದ್ರೆ ಅದು ನನ್ನ ತಪ್ಪಾ?"

"ಯಾವ ನಾಯಿ? ಇಳಿಜಾರಿನ ಮೂಲೆ ಅಂಗಡಿಯವರು ಎಲ್ಲ ಹೇಳಿದಾರೆ. ಯಾವ ನಾಯೀನೂ ಇರ್ಲಿಲ್ವಂತೆ. ನೀನು ಎರಡೂ ಕಾಲು ಮೇಲೆತ್ತಿಕೊಂಡು ಬರ್ತಿದ್ಯಂತೆ. ದಿನಾ ಹಾಗೇ ಬರ್ತಾರೆ ಅಮ್ಮಾವ್ರು ಅಂದ್ರು."

ಹೊಲಿಗೆಯಮ್ಮ ಸೈಕಲ್ಲಿನ ಸೀಟನ್ನು ಸೆರಗಿನಲ್ಲಿ ಒರೆಸತೊಡಗಿದಳು. ಅದು ನಿಜ. ಆ ಇಳಿಜಾರಿನ ತುದಿ ಬಂದರೆ ಅವಳ ಕಾಲು ತಾನಾಗಿಯೇ ಪೆಡಲು ಬಿಟ್ಟು ಮೇಲೇಳುತ್ತಿದ್ದವು. ಕಿವಿಯಲ್ಲಿ ಗಾಳಿ, ಕೆಳಗೆ ಗಿರಗಿರನೆ ತಿರುಗುವ ಚಕ್ರ. ಇಡೀ ದಿನದಲ್ಲಿ ಯಾರ ಹರುಕನ್ನೂ ಹೊಲಿಯಬೇಕಿಲ್ಲದ ಹೊತ್ತು ಅದೊಂದೇ. ಇದನ್ನು ಬೆಳೆದ ಮಗಳ ಮುಂದೆ ಹೇಳುವುದು ಹೇಗೆ? ನಾಯಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಮಾತು ಬೇರೆ ಕಡೆಗೆ ತಿರುಗಿಸಲು ಅವಳು ಅಳಿಯನನ್ನೇ ಹಿಡಿದಳು. "ಅವಳು ಹೇಳಿದ್ಲು ಅಂತ ನೀವು ಹೀಗಾ ಮಾಡೋದು? ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ, ಅತ್ತೆ, ಸೈಕಲ್ ಬೇಡ ಅಂತ."

"ಹೇಳಿದ್ರೆ ನೀವು ಬಿಟ್ಟುಬಿಡ್ತಿದ್ರಿ ಅತ್ತೆ" ಅಂದ ಅಳಿಯ, ನೆಲ ನೋಡುತ್ತಾ. "ಅಳಿಯ ಬಾಯಿಬಿಟ್ಟು ಕೇಳಿದಾರೆ ಅಂತ, ಮರ್ಯಾದೆಗೆ ಕಟ್ಟುಬಿದ್ದು, ಮನಸ್ಸಿಲ್ದೇ ಇದ್ರೂ ಬಿಟ್ಟುಬಿಡ್ತಿದ್ರಿ. ಆಮೇಲೆ ದಿನಾ ಈ ಬಾಗಿಲಲ್ಲಿ ಕೂತಿರ್ತಿದ್ರಿ. ನನ್ನಿಂದ ಕೂತಿದಾರೆ ಅಂತ ನನಗೆ ಅನ್ನಿಸ್ತಾ ಇರ್ತಿತ್ತು. ತುಕ್ಕಿನ ಮೇಲೆ ಹಾಕಿದ್ರೆ ಯಾರಿಗೂ ಯಾರ ಮೇಲೂ ಕೋಪ ಇರಲ್ಲ ಅಂದ್ಕೊಂಡೆ."

"ಕೋಪ ಇರಲ್ವಂತೆ. ವಾರದಿಂದ ನನ್ನ ಬಾಯಿಂದ ನೀವು ಅನ್ನಿಸಿಕೊಂಡಿದ್ದೇನು ಕಮ್ಮಿನಾ?"

ಅವನು ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟ. ಹೊಲಿಗೆಯಮ್ಮ ದನಿ ತಗ್ಗಿಸಿದಳು.

"ನೋಡಿ, ನಾಳೆ ನಾನು ಹೋಗದಿದ್ರೆ ಆ ಕೋಣೆ ಹೋಯ್ತು. ಬಿದ್ದು ಕೈ ಮುರ್ಕೊಂಡ್ರೂ ಕೂಡತ್ತೆ, ಅದು ಹೋದ್ರೆ ನನಗೆ ಇನ್ನೇನೂ ಇಲ್ಲ. ಈ ಬಾಗಿಲಲ್ಲಿ ಕೂತು ನಿಮ್ಮ ಚಪ್ಪಲಿ ಕಾಯೋಕೆ ನನ್ನ ಕೈಲಾಗಲ್ಲ. ಬಿಚ್ಚಿಕೊಡ್ತೀರೋ ಇಲ್ವೋ, ಅಷ್ಟು ಹೇಳಿ."

ಅಳಿಯ ಹೆಂಡತಿಯ ಕಡೆ ನೋಡಿದ. ಮಗಳು ಟವೆಲ್ಲನ್ನು ಹಗ್ಗದ ಮೇಲೆ ಹಾಕಿ, ಕಣ್ಣೊರೆಸಿಕೊಂಡು, ತಲೆ ಆಡಿಸಿದಳು. ಅವನು ಎದ್ದು ಪೆಟ್ಟಿಗೆ ತಂದ.

ಈಗ ಸ್ಪ್ಯಾನರ್ ಹಿಂದಿನ ಚಕ್ರದ ಕಡೆಗೆ ತಿರುಗಿತು. ಅಳಿಯ ಎಳೆದ. ಕದಲಲಿಲ್ಲ. ಮಂಡಿ ಊರಿ, ಉಸಿರು ಬಿಗಿಹಿಡಿದು ಎಳೆದ. ಊಹೂಂ. ವಾರವಿಡೀ ನಟನೆಗೆ ಬರುತ್ತಿದ್ದ ಬೆವರು ಇವತ್ತು ನಿಜವಾಗಿಯೂ ಕತ್ತಿನಿಂದ ಇಳಿಯಿತು. ಪೆಟ್ಟಿಗೆಯ ಎಲ್ಲ ಸ್ಪ್ಯಾನರುಗಳ ಸರದಿ ಮುಗಿಯಿತು. ಸುತ್ತಿಗೆಯಿಂದ ಕುಟ್ಟಿದ, ಕುದಿವ ನೀರು ಹೊಯ್ದ, ಮತ್ತೆ ಸೀಮೆಎಣ್ಣೆ ಬಿಟ್ಟ. ಸ್ಪ್ಯಾನರ್ ಜಾರಿ ಬೆರಳ ಗಂಟಿನ ಚರ್ಮ ಕಿತ್ತುಬಂತು.

"ನಾಟಕ ಸಾಕು" ಅಂದಳು ಹೊಲಿಗೆಯಮ್ಮ.

"ನಾಟಕ ಅಲ್ಲ ಅತ್ತೆ. ನಿಜವಾಗ್ಲೂ ಬರ್ತಿಲ್ಲ." ಅವನ ಮುಖ ನೋಡಿದರೆ ಸುಳ್ಳಲ್ಲ ಎಂದು ತಿಳಿಯುತ್ತಿತ್ತು. ತಾನೇ ಹಾಕಿದ ಬೀಗಕ್ಕೆ ತನ್ನಲ್ಲೇ ಕೀಲಿಯಿಲ್ಲದೆ ಅವನು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

"ಅಷ್ಟು ಬಿಗಿ ಯಾಕ್ರೀ ಮಾಡೋಕೆ ಹೋದ್ರಿ? ಸುಮ್ನೆ ಎಳೆದ ಹಾಗೆ ಮಾಡಿದ್ರೆ ಆಗ್ತಿರ್ಲಿಲ್ವಾ?" ಅಂದಳು ಮಗಳು.

"ನಿಮ್ಮಮ್ಮ ಪಕ್ಕದಲ್ಲೇ ನಿಂತಿರ್ತಿದ್ರಲ್ಲ. ಸುಮ್ನೆ ಎಳೆದ್ರೆ ಅವರಿಗೆ ಗೊತ್ತಾಗಲ್ವಾ?"

ಮೇಷ್ಟ್ರು ಮಹಡಿಯಿಂದ ಬಗ್ಗಿದರು. "ಇನ್ನೂ ಆಗಿಲ್ವಾ ಫಿಟ್ಟರಿಗೆ?"

"ಮೇಷ್ಟ್ರೇ, ಒಳಗೆ ಹೋಗಿ ಪೇಪರ್ ಓದಿ" ಅಂದಳು ಹೊಲಿಗೆಯಮ್ಮ. ಆ ದನಿಗೆ ಮೇಷ್ಟ್ರು ನಿಜವಾಗಿಯೂ ಒಳಗೆ ಹೋದರು.

ಅಳಿಯ ಹಿತ್ತಲಿನಿಂದ ಉದ್ದನೆಯ ಕಬ್ಬಿಣದ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿದ. ಪೈಪಿನ ತುದಿ ಹಿಂದಿನ ಚಕ್ರವನ್ನೂ ದಾಟಿ ಚಾಚಿಕೊಂಡಿತು. ಅದರ ಮೇಲೆ ಕಾಲಿಟ್ಟು ತುಳಿದ. ಎರಡೂ ಪೆಡಲುಗಳು ಹಿಂದಕ್ಕೆ ತಿರುಗಿಬಿಟ್ಟವು. ಮಗಳು ಬಲಗಡೆಯ ಪೆಡಲನ್ನು ಎರಡೂ ಕೈಯಲ್ಲಿ ಹಿಡಿದಳು, ಅವಳ ಕೈಯೂ ಸಾಲಲಿಲ್ಲ. ಅಳಿಯ ಕತ್ತು ಕೆರೆದುಕೊಂಡ.

"ಅತ್ತೆ, ಆ ಕಡೆ ಪೆಡಲ್ ಮೇಲೆ ಪೂರಾ ಭಾರ ಬೀಳಬೇಕು. ನೀವು... ನೀವು ಸೈಕಲ್ ಹತ್ತಬೇಕು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಗು ತಡೆಯಲಾಗದೆ ಹೋದದ್ದು ಮಗಳಿಗೆ.

ಹೊಲಿಗೆಯಮ್ಮ ಸೆರಗು ಸಿಕ್ಕಿಸಿ, ಸೀಟಿನ ಮೇಲೆ ಕೂತು, ಬಲಗಾಲನ್ನು ಪೆಡಲಿನ ಮೇಲಿಟ್ಟು ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಮಗಳು ಎದುರಿಗೆ ನಿಂತು ಹ್ಯಾಂಡಲನ್ನೂ ಬ್ರೇಕನ್ನೂ ಹಿಡಿದಳು. ಅಳಿಯ ಎಡಗಡೆಯಲ್ಲಿ ಪೈಪಿನ ತುದಿಯ ಮೇಲೆ ನಿಂತು ಮೈ ಜಗ್ಗಿದ. ಅವನು ತುಳಿದಷ್ಟೂ ಅವಳು ತುಳಿದಳು. ಅತ್ತೆ ಅಳಿಯ ಇಬ್ಬರೂ ಒಂದೇ ಕೆಲಸಕ್ಕೆ ಸೈಕಲ್ಲಿನ ಎರಡು ಕಡೆಯಿಂದ ಒದ್ದಾಡಿದರು.

"ಇನ್ನೂ ತುಳೀರಿ ಅತ್ತೆ."

"ತುಳೀತಾನೇ ಇದೀನಿ, ನೀನು ತುಳಿ."

ನೀನು ಎಂದದ್ದು ಅವಳಿಗೇ ಗೊತ್ತಾಗಲಿಲ್ಲ. ಅಳಿಯನಿಗೆ ಗೊತ್ತಾಯಿತು. ಅದೇ ಹೊತ್ತಿಗೆ ಕಬ್ಬಿಣ ಟಕ್ ಎಂದು ಸದ್ದು ಮಾಡಿತು. ಸ್ಪ್ಯಾನರೇ ಮುರಿಯಿತೆಂದು ಮೂವರೂ ಹೆದರಿದರು. ಮುರಿದಿರಲಿಲ್ಲ. ಪೈಪು ಒಂದು ಗೇಣು ಕೆಳಗಿಳಿದಿತ್ತು. ಆಮೇಲಿನದು ಕೈಯಲ್ಲೇ ಬಂತು, ಕಂದು ಪುಡಿ ಉದುರಿಸುತ್ತಾ.

ಹೊಸ ಪೆಡಲಿಗೆ ಗ್ರೀಸ್ ಬಳಿದು ಅಳಿಯ ಬೆರಳಲ್ಲೇ ತಿರುಗಿಸಿ ಕೂರಿಸಿದ. ಕೊನೆಗೆ ಸ್ಪ್ಯಾನರಿನಿಂದ ಒಂದು ಎಳೆತ, ಅಷ್ಟೇ. ಎರಡನೆಯದಕ್ಕೆ ಅವನ ಕೈ ಹೋಗುತ್ತಿದ್ದಂತೆ ಹೊಲಿಗೆಯಮ್ಮ ಗಂಟಲು ಸರಿಮಾಡಿಕೊಂಡಳು. ಅವನು ಸ್ಪ್ಯಾನರ್ ಕೆಳಗಿಟ್ಟ.

"ಒಂದು ಮಾತು ಅತ್ತೆ. ಆ ಇಳಿಜಾರಲ್ಲಿ ಮಾತ್ರ ಇಳಿದು ನಡ್ಕೊಂಡು ಹೋಗಿ."

"ನೋಡೋಣ" ಎಂದು ಅವಳು ಅವನ ಕೈಗೆ ಬಟ್ಟೆ ಕಟ್ಟಲು ಒಳಗಿನಿಂದ ಚಿಂದಿ ತಂದಳು. ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳುವ ಹೆಂಗಸಲ್ಲ ಅವಳು.

ಸೋಮವಾರ ಬೆಳಿಗ್ಗೆ ಬೇಗನೆ ಹೊರಟಳು. ಪೆಡಲು ಸದ್ದಿಲ್ಲದೆ ತಿರುಗುತ್ತಿತ್ತು. ಇಳಿಜಾರಿನ ತುದಿಗೆ ಬಂದು, ಒಂದು ಕಾಲು ನೆಲಕ್ಕೂರಿ ಹಿಂದಿರುಗಿ ನೋಡಿದಳು. ಬಿಸಿಲಿನ್ನೂ ಏರದ ರಸ್ತೆಯಲ್ಲಿ ಯಾರೂ ಇರಲಿಲ್ಲ. ಅಳಿಯ ಪಂಪ್‌ಹೌಸಿನಲ್ಲಿದ್ದ, ಮಗಳು ಮನೆಯಲ್ಲಿದ್ದಳು, ಮೇಷ್ಟ್ರು ಮಹಡಿಯಲ್ಲಿದ್ದರು. ಕೆಳಗೆ ರಸ್ತೆ ನುಣ್ಣಗೆ ಇಳಿದು ಆಸ್ಪತ್ರೆಯ ಗೋಡೆಯವರೆಗೂ ಖಾಲಿಯಾಗಿ ಬಿದ್ದಿತ್ತು. ಅವಳ ಎರಡೂ ಕಾಲು ಕಚಗುಳಿಯಿಟ್ಟಂತೆ ತವಕಿಸಿದವು.

ಆಗ ಅವಳಿಗೆ ಅಳಿಯನ ಕೆಂಪಾದ ಕಿವಿ ನೆನಪಾಯಿತು. ಕೈಕೆಲಸದವನಿಗೆ ಕೆಲಸ ಬರುವುದಿಲ್ಲ ಎನ್ನುವುದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಹೊಲಿಗೆ ಬರುವುದಿಲ್ಲ ಎಂದು ತನಗೆ ಯಾರಾದರೂ ಅಂದಿದ್ದರೆ ಅವತ್ತೇ ಕತ್ತರಿ ಎತ್ತುತ್ತಿದ್ದಳು. ಅವನು ವಾರವಿಡೀ ಅದನ್ನು ಅವಳ ಬಾಯಿಂದಲೂ ಬೀದಿಯ ಬಾಯಿಂದಲೂ ಅನ್ನಿಸಿಕೊಂಡಿದ್ದ. ನನಗೆ ಬರುತ್ತದೆ ಎನ್ನುವ ಒಂದು ಮಾತು ಅವನ ನಾಲಿಗೆ ತುದಿಯಲ್ಲೇ ಇತ್ತು, ಆಡಿರಲಿಲ್ಲ. ಅವಳು ಬೀಳಬಾರದು ಎಂಬುದಕ್ಕೆ.

"ಬೆಪ್ಪುತಕ್ಕಡಿ" ಎಂದಳು ಹೊಲಿಗೆಯಮ್ಮ, ಖಾಲಿ ರಸ್ತೆಗೆ ಕೇಳಿಸುವಂತೆ. ಸೈಕಲ್ಲಿನಿಂದ ಇಳಿದು, ಹ್ಯಾಂಡಲ್ ಹಿಡಿದು, ಇಳಿಜಾರಿನಲ್ಲಿ ನಡೆಯತೊಡಗಿದಳು. ಹೊಸ ಪೆಡಲು ಹೆಜ್ಜೆಗೊಮ್ಮೆ ಮೊಣಕಾಲಿಗೆ ಬಡಿಯುತ್ತಿತ್ತು. ಅವಳು ಅದಕ್ಕೂ ನಾಲ್ಕು ಮಾತು ಬೈದಳು.

ಮೂಲೆ ಅಂಗಡಿಯವರು ಬಾಗಿಲು ತೆಗೆಯುತ್ತಿದ್ದರು. ಅವಳು ನಡೆದು ಬರುವುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು.

"ಏನಮ್ಮ, ನಡ್ಕೊಂಡು ಬರ್ತಿದೀರಿ? ಪೆಡಲ್ ಇನ್ನೂ ಸರಿಯಾಗಿಲ್ವಾ?"

"ಪೆಡಲ್‌ಗೇನಾಗಿದೆ, ಗಟ್ಟಿಮುಟ್ಟಾಗಿದೆ" ಅಂದಳು ಹೊಲಿಗೆಯಮ್ಮ. "ನಮ್ಮ ಅಳಿಯಂದ್ರು ಹಾಕಿರೋದು. ಅವರ ಕೈಯಲ್ಲಿ ಆಗದೇ ಇರೋ ಕೆಲಸ ಯಾವುದಿದೆ?"

ಅಷ್ಟು ಹೇಳಿ, ಮುಂದೆ ನಡೆದಳು.